ಟಾಯ್ಲೆಟ್ ಬಾಗಿಲನ್ನು ಆ ಕಡೆ ತಿರುಗಿಸಿದ ಮೇಲೆ

ನಮ್ಮ ಮನೆ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಎರಡು ಬೀದಿ ಆಚೆಯ ಚರ್ಚ್ ತನ್ನ ಪಾರ್ಕಿಂಗ್ ಜಾಗದಲ್ಲಿ ಮನೆಯಿಲ್ಲದವರ ಟೆಂಟ್ ಶಿಬಿರಕ್ಕೆ ಮೂರು ತಿಂಗಳು ಜಾಗ ಕೊಡಲು ಒಪ್ಪಿತು. ಅಕ್ಕಪಕ್ಕದವರ ಜೊತೆ ಮಾತಾಡಲು ಯಾರಾದರೂ ಬೇಕು ಅಂದಾಗ ನಾನೇ ಹೆಸರು ಕೊಟ್ಟೆ. ನಾನು ಆ ಚರ್ಚಿನವಳಲ್ಲ. ಚಳಿಗಾಲದಲ್ಲಿ ಬಸ್ ಸ್ಟಾಪಿನಲ್ಲಿ ಮಲಗಿದವರನ್ನು ದಿನಾ ದಾಟಿಕೊಂಡು ಹೋಗಿ ಸಾಕಾಗಿತ್ತು, ಅಷ್ಟೇ.

ಮೊದಲ ಸಭೆ ನನ್ನಿಂದಲೇ ಕೆಟ್ಟಿತು. ಕಾನೂನು ಓದಿಕೊಂಡು ಹೋಗಿದ್ದೆ. ವಾಷಿಂಗ್ಟನ್ ರಾಜ್ಯದ 2010ರ ಕಾನೂನಿನ ಪ್ರಕಾರ ಧಾರ್ಮಿಕ ಸಂಸ್ಥೆಗಳು ತಮ್ಮ ಜಾಗದಲ್ಲಿ ಮನೆಯಿಲ್ಲದವರಿಗೆ ಆಸರೆ ಕೊಡಬಹುದು. ಜನರ ಆರೋಗ್ಯ, ಸುರಕ್ಷತೆಗೆ ಬೇಕಾದ ಷರತ್ತುಗಳನ್ನು ಮಾತ್ರ ನಗರಾಡಳಿತ ಹಾಕಬಹುದು. ಇದನ್ನು ಹೇಳಿದರೆ ಜನ ಒಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹಾಲ್‌ನಲ್ಲಿ ಗದ್ದಲ ಎದ್ದಿತು. ಸಭೆ ಮುಗಿದ ಮೇಲೆ ನಮ್ಮ ಕನ್ನಡದವರೇ ಒಬ್ಬರು ಕಾರಿನ ಹತ್ತಿರ ನಿಲ್ಲಿಸಿ ಕೇಳಿದರು: "ಅಂದ್ರೆ ನಾವು ಏನು ಹೇಳಿದ್ರೂ ಲೆಕ್ಕಕ್ಕಿಲ್ಲ ಅಂತ ಅಲ್ವಾ? ನಮ್ಮ ಹುಡುಗಿ ಅದೇ ಮೂಲೆಯಲ್ಲಿ ಸ್ಕೂಲ್ ಬಸ್ ಹತ್ತೋದು. ಅದಕ್ಕೇನು ಮಾಡ್ತೀರಿ, ಅದನ್ನ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನಿದ್ದೆಯೂ ಬರಲಿಲ್ಲ.

ಮರುದಿನದಿಂದ ಮನೆಮನೆಗೆ ಹೋದೆ, ಒಬ್ಬಳೇ ಅಲ್ಲ. ಶಿಬಿರದಿಂದ ಒಬ್ಬರು ನನ್ನ ಜೊತೆ ಬರುತ್ತಿದ್ದರು. ಐವತ್ತು ದಾಟಿದ ಗಂಡಸು. ಬೆಳಗಿನ ಜಾವ ನಾಲ್ಕೂವರೆಗೆ ಗೋದಾಮಿನ ಕೆಲಸಕ್ಕೆ ಹೊರಟರೆ ಮಧ್ಯಾಹ್ನ ವಾಪಸ್. ಅವರು ಜಾಸ್ತಿ ಮಾತಾಡುತ್ತಿರಲಿಲ್ಲ. ಶಿಬಿರದ ನಿಯಮಗಳಿದ್ದ ಒಂದು ಹಾಳೆ ಕೊಡುತ್ತಿದ್ದರು. ಕುಡಿತ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ. ಸೇರುವವರ ಗುರುತಿನ ಚೀಟಿ ನೋಡಿ, ವಾರಂಟ್ ಇದೆಯಾ, ಲೈಂಗಿಕ ಅಪರಾಧದ ದಾಖಲೆ ಇದೆಯಾ ಅಂತ ತಪಾಸಣೆ. ಇಪ್ಪತ್ನಾಲ್ಕು ಗಂಟೆ ಕಾವಲು, ಅದೂ ಅಲ್ಲಿ ಇರುವವರದೇ ಪಾಳಿ. ಇದನ್ನೇ ನಾನು ಹೇಳಿದರೆ ಜನ ತಲೆ ಅಲ್ಲಾಡಿಸುತ್ತಿದ್ದರು. ಅವರು ಹೇಳಿದರೆ ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆ ಬಂದರೆ ಅರ್ಧ ಕೆಲಸ ಆದ ಹಾಗೆ.

ಶಿಬಿರದ ಪಕ್ಕದ ಮನೆಯ ವಯಸ್ಸಾದ ಹೆಂಗಸು ಸಭೆಯಲ್ಲಿ ಬಾಯೇ ಬಿಟ್ಟಿರಲಿಲ್ಲ. ನಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಸಿಂಕ್ ಮುಂದೆ ನಿಲ್ಲಿಸಿದರು. ಕಿಟಕಿಯಿಂದ ನೇರ ಕಾಣುತ್ತಿದ್ದದ್ದು ಸಾಲಾಗಿ ನಿಂತ ನಾಲ್ಕು ನೀಲಿ ತಾತ್ಕಾಲಿಕ ಟಾಯ್ಲೆಟ್‌ಗಳ ಬಾಗಿಲು. "ಪಾತ್ರೆ ತೊಳೆಯುವಾಗ ಒಳಗಿನಿಂದ ಯಾರೋ ಬರುತ್ತಾರೆ, ಅವರಿಗೂ ನಾಚಿಕೆ, ನನಗೂ ನಾಚಿಕೆ" ಅಂದರು. ಇಡೀ ಬಡಾವಣೆಯ ಭದ್ರತೆ ಬಗ್ಗೆ ಎರಡು ಗಂಟೆ ವಾದ ಮಾಡಿದ್ದೆವು. ಇವರ ಕಷ್ಟ ಇಷ್ಟೇ ಇತ್ತು! ಅವತ್ತೇ ಸಂಜೆ ಬಾಗಿಲುಗಳನ್ನು ಇನ್ನೊಂದು ಕಡೆಗೆ ತಿರುಗಿಸಿದೆವು. ಟಾಯ್ಲೆಟ್ ಖಾಲಿ ಮಾಡುವ ಲಾರಿ ಬೆಳಿಗ್ಗೆ ಆರಕ್ಕೆ ಬರುತ್ತಿತ್ತು, ಅದನ್ನು ಒಂಬತ್ತರ ಮೇಲೆ ಬರಲು ಹೇಳಿದೆವು.

ಸ್ಕೂಲ್ ಬಸ್ಸಿನ ಮೂಲೆಯ ಸಮಸ್ಯೆಯೂ ಹತ್ತಿರ ಹೋಗಿ ನೋಡಿದಾಗಲೇ ಗೊತ್ತಾಯಿತು. ಶಿಬಿರದೊಳಗೆ ಸಿಗರೇಟ್ ಸೇದುವ ಜಾಗ ಗುರುತು ಮಾಡಿರಲಿಲ್ಲ. ಹಾಗಾಗಿ ಗಂಡಸರು ಆ ಮೂಲೆಯಲ್ಲೇ ನಿಲ್ಲುತ್ತಿದ್ದರು. ಹಿಂದಿನ ಬೇಲಿ ಹತ್ತಿರ ಎರಡು ಕುರ್ಚಿ, ಒಂದು ಮರಳಿನ ಬಕೆಟ್ ಇಟ್ಟ ಮೇಲೆ ಮೂಲೆ ಖಾಲಿ ಆಯಿತು.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಫೋನ್ ನಂಬರ್. ಮುಂದಿನ ಟೆಂಟಿನಲ್ಲಿ ಕಾವಲಿಗೆ ಕೂತವರ ಕೈಯಲ್ಲಿ ಆ ಫೋನ್ ಇರುತ್ತಿತ್ತು. ಯಾವ ಹೊತ್ತಿಗೆ ಮಾಡಿದರೂ ಮನುಷ್ಯರೇ ಎತ್ತಬೇಕು, ಬಂದ ದೂರು ಪುಸ್ತಕದಲ್ಲಿ ಬರೆಯಬೇಕು. ಮೊದಲ ವಾರ ಸುಮ್ನೆ ಪರೀಕ್ಷೆ ಮಾಡಲು ಮಾಡಿದವರೂ ಇದ್ದರು. ಒಂದು ರಾತ್ರಿ ಎರಡು ಗಂಟೆಗೆ ನಿಜವಾದ ಕರೆ ಬಂತು. ಶಿಬಿರದ ಒಬ್ಬ ಹುಡುಗ ಕುಡಿದು ಬಂದು ಬೀದಿಯಲ್ಲಿ ಕೂಗಾಡುತ್ತಿದ್ದ. ಕಾವಲಿನವರು ಹತ್ತು ನಿಮಿಷದಲ್ಲಿ ಅವನನ್ನು ಒಳಗೆ ಕರೆತಂದರು. ಮರುದಿನ ಶಿಬಿರದವರೇ ಸಭೆ ಸೇರಿ ಅವನನ್ನು ಹೊರಗೆ ಹಾಕಿದರು. ಅವನು ಒದ್ದೆ ಬ್ಯಾಗ್ ಹೊತ್ತುಕೊಂಡು ಹೋದದ್ದು ನೋಡಲಾಗಲಿಲ್ಲ. ಆ ನಿಯಮ ಸರಿ ಅಂತ ಈಗಲೂ ಹೇಳುತ್ತೇನೆ, ಆದರೆ ಅವನು ಎಲ್ಲಿಗೆ ಹೋದ ಅನ್ನೋದು ಈಗಲೂ ಮನಸ್ಸು ಕೊರೆಯುತ್ತದೆ.

ಯಾಕೆಂದರೆ ಹೋಗಲು ಜಾಗ ಇಲ್ಲ. ಗ್ರಾಂಟ್ಸ್ ಪಾಸ್ ಅನ್ನೋ ಊರಿನ ಮೊಕದ್ದಮೆಯಲ್ಲಿ 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರ ತೀರ್ಪು ಕೊಟ್ಟಿತು. ಮಲಗಲು ಬೇರೆ ಜಾಗ ಇಲ್ಲದಿದ್ದರೂ, ಸಾರ್ವಜನಿಕ ಜಾಗದಲ್ಲಿ ಬೀಡುಬಿಟ್ಟವರಿಗೆ ನಗರಗಳು ದಂಡ ಹಾಕಬಹುದು ಅಂತಾಯಿತು. ಇಂಥ ಹೊತ್ತಿನಲ್ಲಿ ಅಕ್ಕಪಕ್ಕದವರು ಒಪ್ಪಿದ ಒಂದು ಪಾರ್ಕಿಂಗ್ ಜಾಗ ಸಣ್ಣ ವಿಷಯ ಅಲ್ಲ. ಪಕ್ಕದ ರಾಜ್ಯ ಆರೆಗಾನ್‌ನ ಪೋರ್ಟ್‌ಲೆಂಡ್‌ನಲ್ಲಿ 2000ದ ಡಿಸೆಂಬರ್‌ನಲ್ಲಿ ಟೆಂಟುಗಳಲ್ಲಿ ಶುರುವಾದ ಡಿಗ್ನಿಟಿ ವಿಲೇಜ್, ಆಮೇಲೆ ಪುಟ್ಟ ಮನೆಗಳ ಹಳ್ಳಿಯಾಗಿ ನಿಂತಿತು. ನಮ್ಮದು ಮೂರೇ ತಿಂಗಳಿನದು.

ಕೊನೆಯ ದಿನ ಮಳೆ. ಟೆಂಟಿನ ಕೆಳಗೆ ನೀರು ನುಗ್ಗದ ಹಾಗೆ ಹಾಸಿದ್ದ ಮರದ ಪ್ಯಾಲೆಟ್‌ಗಳನ್ನು ಲಾರಿಗೆ ಏರಿಸುತ್ತಿದ್ದೆವು. ಎದುರು ಮನೆಯವರು ಕೊನೆಯವರೆಗೂ ಒಪ್ಪಲಿಲ್ಲ, ಅವತ್ತೂ ಪರದೆ ಎಳೆದೇ ಇತ್ತು. ಸ್ಕೂಲ್ ಬಸ್ಸಿನ ಪ್ರಶ್ನೆ ಕೇಳಿದವರು ಛತ್ರಿ ಹಿಡಿದು ಬಂದರು. "ಮುಂದೆ ಎಲ್ಲಿಗೆ ಹೋಗ್ತಾರೆ?" ಅಂದರು. ಹೇಳಿದೆ. "ಅಲ್ಲಿನವರಿಗೆ ಭಯ ಇರತ್ತೆ. ಯಾರಾದ್ರೂ ಕೇಳಿದ್ರೆ ನನ್ನ ನಂಬರ್ ಕೊಡಿ, ನಾನು ಮಾತಾಡ್ತೀನಿ" ಅಂದರು.