ಆಟವಿಲ್ಲದ ಏಳು ತಿಂಗಳು: ಎನ್‌ಎಫ್‌ಎಲ್ ಆಫ್‌ಸೀಸನ್ ಸುದ್ದಿ ಓದೋದು ಹೇಗೆ?

2025ರ ಜನವರಿ 18ರಂದು ಅಮೆರಿಕದ ಡೆಟ್ರಾಯ್ಟ್ ಲಯನ್ಸ್ ತಂಡ ಪ್ಲೇಆಫ್ ಪಂದ್ಯದಲ್ಲಿ ತನ್ನ ತವರಿನಲ್ಲೇ ವಾಷಿಂಗ್ಟನ್ ಕಮಾಂಡರ್ಸ್‌ಗೆ 45-31ರಿಂದ ಸೋತಿತು. ಲೀಗ್ ಹಂತದ 17 ಪಂದ್ಯಗಳಲ್ಲಿ 15 ಗೆದ್ದಿದ್ದ ತಂಡ ಅದು. ಸೋತು ವಾರ ಕಳೆಯುವಷ್ಟರಲ್ಲಿ ಅದರ ಇಬ್ಬರು ದೊಡ್ಡ ಸಹಾಯಕ ಕೋಚ್‌ಗಳು ಕೈಬಿಟ್ಟು ಹೋದರು. ಆಕ್ರಮಣ ವಿಭಾಗ ನೋಡಿಕೊಳ್ಳುತ್ತಿದ್ದ ಬೆನ್ ಜಾನ್ಸನ್ ಶಿಕಾಗೋ ಬೇರ್ಸ್‌ಗೆ ಮುಖ್ಯ ಕೋಚ್ ಆದರು. ರಕ್ಷಣೆ ನೋಡಿಕೊಳ್ಳುತ್ತಿದ್ದ ಏರನ್ ಗ್ಲೆನ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದರು.

ನಾವು ಮಾತಾಡುತ್ತಿರುವುದು ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್ ಮತ್ತು ಅದರ ಲೀಗ್ ಎನ್‌ಎಫ್‌ಎಲ್ ಬಗ್ಗೆ. ಡೆಟ್ರಾಯ್ಟ್ ಹತ್ತಿರದ ಟ್ರಾಯ್, ನೋವೈ ಕಡೆ ಕಾರ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರ ಮನೆಗಳಲ್ಲಿ ಈಗ ಮಕ್ಕಳು ಲಯನ್ಸ್ ಜರ್ಸಿ ಹಾಕಿಕೊಂಡು ಓಡಾಡುತ್ತಾರೆ. ಆಟ ಅರ್ಥ ಆಗುತ್ತೆ, ಆದರೆ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಬರುವ ಕೋಟಿ ಕೋಟಿ ಡಾಲರ್ ಸುದ್ದಿ ತಲೆಗೆ ಹತ್ತುವುದಿಲ್ಲ ಅನ್ನುವವರೇ ಜಾಸ್ತಿ. ಲಯನ್ಸ್‌ನ ಆ ಒಂದು ಬೇಸಿಗೆಯನ್ನೇ ಇಟ್ಟುಕೊಂಡು ಅದನ್ನು ಓದುವ ದಾರಿ ನೋಡೋಣ.

ಹಂತ 1: ಮೊದಲು ಕ್ಯಾಲೆಂಡರ್ ನೋಡಿ

ಎನ್‌ಎಫ್‌ಎಲ್ ಲೆಕ್ಕದ ಹೊಸ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. 2025ರಲ್ಲಿ ಅದು ಮಾರ್ಚ್ 12, ಅಮೆರಿಕದ ಪೂರ್ವ ತೀರದ ಸಂಜೆ 4 ಗಂಟೆ. ಭಾರತದಲ್ಲಿ ಆಗ ರಾತ್ರಿ ಒಂದೂವರೆ, ತಾರೀಖು 13. ಒಪ್ಪಂದ ಮುಗಿದ ಆಟಗಾರರು ಬೇರೆ ತಂಡಕ್ಕೆ ಸಹಿ ಹಾಕಬಹುದಾದದ್ದು ಆ ಗಳಿಗೆಯಿಂದ.

ಆದರೆ ಸುದ್ದಿ ಎರಡು ದಿನ ಮೊದಲೇ ಬರುತ್ತದೆ. ಆ ಎರಡು ದಿನ ಬೇರೆ ತಂಡಗಳು ಆಟಗಾರರ ಏಜೆಂಟರ ಜೊತೆ ಮಾತಾಡಬಹುದು, ಸಹಿ ಮಾತ್ರ ಹಾಕಿಸುವಂತಿಲ್ಲ. ಹಾಗಾಗಿ ‘ಒಪ್ಪಿದ್ದಾರೆ’ ಅಂತ ಬಂದರೆ ಸಹಿ ಆಯಿತು ಅಂದುಕೊಳ್ಳಬೇಡಿ. 2019ರಲ್ಲಿ ಆ್ಯಂಟನಿ ಬಾರ್ ಎಂಬ ಲೈನ್‌ಬ್ಯಾಕರ್ (ರಕ್ಷಣೆಯ ಆಟಗಾರ) ಜೆಟ್ಸ್‌ಗೆ ಹೂಂ ಅಂದು, ಮನಸ್ಸು ಬದಲಿಸಿ, ತನ್ನ ಹಳೆಯ ಮಿನೆಸೋಟ ವೈಕಿಂಗ್ಸ್‌ನಲ್ಲೇ ಉಳಿದುಕೊಂಡ. ಜೆಟ್ಸ್ ಏನೂ ಮಾಡುವಂತಿರಲಿಲ್ಲ.

ಕೋಚ್‌ಗಳ ಅದಲುಬದಲು ಜನವರಿಯಲ್ಲಿ, ಆಟಗಾರರದು ಮಾರ್ಚ್‌ನಲ್ಲಿ, ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಏಪ್ರಿಲ್ ಕೊನೆಗೆ. ಇಷ್ಟು ನೆನಪಿದ್ದರೆ ಸಾಕು.

ಹಂತ 2: ಕೋಚ್ ಜೊತೆ ಯಾರ್ಯಾರು ಹೋದರು?

ಒಬ್ಬ ಕೋಚ್ ಹೋದ ಅಂದರೆ ಒಬ್ಬನೇ ಹೋಗುವುದಿಲ್ಲ. ಜಾನ್ಸನ್ ಹಿಂದೆ, ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳ ಕೋಚ್ ಆ್ಯಂಟ್ವಾನ್ ರ್ಯಾಂಡಲ್ ಎಲ್ ಕೂಡ ಶಿಕಾಗೋಗೆ ಹೋದರು. ಗ್ಲೆನ್ ಹಿಂದೆ ಟ್ಯಾನರ್ ಎಂಗ್‌ಸ್ಟ್ರಾಂಡ್ ಜೆಟ್ಸ್ ಸೇರಿದರು. ಡಿಫೆನ್ಸಿವ್ ಲೈನ್ ಕೋಚ್ ಟೆರೆಲ್ ವಿಲಿಯಮ್ಸ್‌ರನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕರೆದುಕೊಂಡಿತು. ದಪ್ಪ ಅಕ್ಷರದಲ್ಲಿ ಬಂದದ್ದು ಎರಡು ಹೆಸರು, ಖಾಲಿಯಾದ ಕುರ್ಚಿ ಅದಕ್ಕಿಂತ ಜಾಸ್ತಿ.

‘ಕಳಿಸಲ್ಲ’ ಅಂತ ಲಯನ್ಸ್ ಹಟ ಹಿಡಿಯಬಹುದಿತ್ತಲ್ವಾ? ಇಲ್ಲ. ಸಹಾಯಕ ಕೋಚ್‌ಗೆ ಮುಖ್ಯ ಕೋಚ್ ಹುದ್ದೆಯ ಸಂದರ್ಶನ ಬಂದರೆ ತಂಡ ತಡೆಯುವಂತಿಲ್ಲ. ಕೆಳಗಿನ ಸಹಾಯಕನನ್ನು ಕೋಆರ್ಡಿನೇಟರ್ ಹುದ್ದೆಗೆ, ಅಂದರೆ ಇಡೀ ಆಕ್ರಮಣ ಅಥವಾ ರಕ್ಷಣೆ ನೋಡಿಕೊಳ್ಳುವ ಹುದ್ದೆಗೆ, ಕರೆದರೂ 2020ರಿಂದ ಅದೇ ನಿಯಮ. ಲಯನ್ಸ್‌ಗೆ ಪ್ಲೇಆಫ್‌ನ ಮೊದಲ ವಾರ ಬಿಡುವಿತ್ತು. ಆ ವಾರದಲ್ಲೇ ಇಬ್ಬರೂ ಬೇರೆ ತಂಡಗಳಿಗೆ ವಿಡಿಯೋ ಸಂದರ್ಶನ ಕೊಟ್ಟಿದ್ದರು. ಸೋಲಿಗೆ ಅದೇ ಕಾರಣ ಅನ್ನುವುದು ಸುಲಭದ ಮಾತು, ನನಗೆ ಒಪ್ಪಿಗೆಯಿಲ್ಲ. ಆ ದಿನ ಲಯನ್ಸ್ ಚೆಂಡನ್ನು ಐದು ಸಲ ಎದುರಾಳಿ ಕೈಗೆ ಕೊಟ್ಟಿತು. ಯಾವ ಕೋಚ್ ಇದ್ದರೂ ಅಷ್ಟು ಕೊಟ್ಟ ಮೇಲೆ ಗೆಲ್ಲುವುದು ಕಷ್ಟ.

ಇನ್ನೊಂದು ನಿಯಮವೂ ಇದೆ. ಅಲ್ಪಸಂಖ್ಯಾತ ಸಮುದಾಯದ ಸಹಾಯಕನೊಬ್ಬ ಬೇರೆ ತಂಡಕ್ಕೆ ಮುಖ್ಯ ಕೋಚ್ ಆದರೆ, ಅವರನ್ನು ಬೆಳೆಸಿದ ತಂಡಕ್ಕೆ ಎರಡು ವರ್ಷ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಒಂದೊಂದು ಹೆಚ್ಚುವರಿ ಆಯ್ಕೆ ಸಿಗುತ್ತದೆ. ಗ್ಲೆನ್ ಹೋದದ್ದಕ್ಕೆ ಲಯನ್ಸ್‌ಗೆ ಹಾಗೆ ಸಿಕ್ಕಿತು, ಜಾನ್ಸನ್ ಹೋದದ್ದಕ್ಕೆ ಏನೂ ಇಲ್ಲ.

ಹಂತ 3: ಹೊಸಬ ಒಳಗಿನವನೋ, ಹೊರಗಿನವನೋ? ಪ್ಲೇ ಕರೆಯುವವರು ಯಾರು?

ರಕ್ಷಣೆಗೆ ಲಯನ್ಸ್ ಒಳಗಿನವರನ್ನೇ ಏರಿಸಿತು. ಕೆಲ್ವಿನ್ ಶೆಪರ್ಡ್ ಹಿಂದೆ ಸ್ವತಃ ಲೈನ್‌ಬ್ಯಾಕರ್ ಆಗಿ ಆಡಿದವರು, 2021ರಿಂದ ಇಲ್ಲೇ ಕೋಚ್ ಆಗಿದ್ದವರು. ಆಕ್ರಮಣಕ್ಕೆ ಡೆನ್ವರ್ ಬ್ರಾಂಕೋಸ್‌ನಿಂದ ಜಾನ್ ಮಾರ್ಟನ್ ಬಂದರು. 2022ರಲ್ಲಿ ಅವರೂ ಲಯನ್ಸ್ ಸಿಬ್ಬಂದಿಯಲ್ಲಿದ್ದರು, ಹಾಗಾಗಿ ಪೂರ್ತಿ ಹೊರಗಿನವರೇನಲ್ಲ. ಮುಖ್ಯ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಮನಸ್ಸು ಇದರಲ್ಲೇ ಗೊತ್ತಾಗುತ್ತದೆ. ನಡೆಯುತ್ತಿರುವ ವ್ಯವಸ್ಥೆಯನ್ನು ಕೆಡಿಸಬಾರದು, ಪರಿಚಯದವರ ಕೈಗೇ ಕೊಡಬೇಕು.

ಇಲ್ಲಿ ನೀವು ಹುಡುಕಬೇಕಾದ ಉತ್ತರ ಒಂದೇ. ಪಂದ್ಯದ ದಿನ ಮೈಕ್ ಹಿಡಿದು ಮುಂದಿನ ಪ್ಲೇ (ನಡೆ) ಯಾವುದು ಅಂತ ಹೇಳುವವರು ಯಾರು? ಹುದ್ದೆಯ ಹೆಸರಿಗಿಂತ ಅದು ಮುಖ್ಯ. ಕೆಲವು ತಂಡಗಳಲ್ಲಿ ಮುಖ್ಯ ಕೋಚೇ ಆ ಕೆಲಸ ಮಾಡುತ್ತಾರೆ, ಕೋಆರ್ಡಿನೇಟರ್ ವಾರವಿಡೀ ತಯಾರಿ ಮಾಡಿಕೊಡುತ್ತಾರೆ. ಡೆಟ್ರಾಯ್ಟ್‌ನಲ್ಲಿ ಜಾನ್ಸನ್ ಕರೆಯುತ್ತಿದ್ದರು, ಆ ಕೆಲಸ ಮಾರ್ಟನ್ ಪಾಲಿಗೆ ಬಂತು. ನವೆಂಬರ್ ಹೊತ್ತಿಗೆ ಕ್ಯಾಂಪ್‌ಬೆಲ್ ಅದನ್ನು ತಾವೇ ಕೈಗೆ ತೆಗೆದುಕೊಂಡರು. ಹಾಗೆ ಮಾಡಿದ ಮೊದಲ ಪಂದ್ಯದಲ್ಲಿ ಅದೇ ವಾಷಿಂಗ್ಟನ್ ಅನ್ನು 44-22ರಿಂದ ಸೋಲಿಸಿದರು. ಆದರೂ ಋತು ಮುಗಿದದ್ದು 9 ಗೆಲುವು, 8 ಸೋಲಿನಲ್ಲಿ. ಪ್ಲೇಆಫ್ ತಪ್ಪಿತು, ಮಾರ್ಟನ್ ಕೆಲಸ ಹೋಯಿತು. ಅತ್ತ ಜಾನ್ಸನ್ ಮೊದಲ ವರ್ಷದಲ್ಲೇ ಬೇರ್ಸ್ ಅನ್ನು ಲಯನ್ಸ್ ಇರುವ ಅದೇ ಡಿವಿಷನ್‌ನ (ಲೀಗ್‌ನೊಳಗಿನ ಗುಂಪಿನ) ಚಾಂಪಿಯನ್ ಮಾಡಿದ್ದರು.

ಹಂತ 4: ಚೀಲದಲ್ಲಿ ಎಷ್ಟಿದೆ ನೋಡಿ

ಐಪಿಎಲ್ ನೋಡುವವರಿಗೆ ಇದು ಸುಲಭ. 2025ರ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಮಿತಿ ಇತ್ತು. ಆರ್‌ಸಿಬಿ ಕೊಹ್ಲಿಗೆ 21 ಕೋಟಿ ಎತ್ತಿಟ್ಟು ಉಳಿದದ್ದರಲ್ಲಿ ತಂಡ ಕಟ್ಟಿತು. ಎನ್‌ಎಫ್‌ಎಲ್‌ನಲ್ಲೂ ಹಾಗೇ ಒಂದು ಮಿತಿ, ಸ್ಯಾಲರಿ ಕ್ಯಾಪ್. 2024ರಲ್ಲಿ ಅದು 25.54 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿಗೆ ಏರಿತು. ಲೀಗ್‌ಗೆ ಟಿವಿ ಮುಂತಾದ ಕಡೆಯಿಂದ ಬರುವ ಆದಾಯ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಕೋಚ್‌ಗಳ ಸಂಬಳ ಮಾತ್ರ ಈ ಮಿತಿಗೆ ಬರುವುದಿಲ್ಲ. ಮಾಲೀಕರ ಜೇಬು ದೊಡ್ಡದಿದ್ದರೆ ಕೋಚ್‌ಗೆ ಎಷ್ಟು ಬೇಕಾದರೂ ಸುರಿಯಬಹುದು.

ಐಪಿಎಲ್‌ಗಿಂತ ಇಲ್ಲಿ ಒಂದು ಸಿಕ್ಕು ಜಾಸ್ತಿ. ಆಟಗಾರನ ಕೈಗೆ ಈ ವರ್ಷ ಸೇರುವ ದುಡ್ಡು ಬೇರೆ, ಕ್ಯಾಪ್ ಲೆಕ್ಕದಲ್ಲಿ ಈ ವರ್ಷ ಬರೆಯುವ ದುಡ್ಡು ಬೇರೆ. ನಾಲ್ಕು ವರ್ಷದ ಒಪ್ಪಂದ, ಸಹಿ ಹಾಕಿದ್ದಕ್ಕೆ 4 ಕೋಟಿ ಡಾಲರ್ ಬೋನಸ್ ಅಂದುಕೊಳ್ಳಿ. ಆಟಗಾರ ಆ ದುಡ್ಡನ್ನು ಬೇಗನೆ ಜೇಬಿಗೆ ಹಾಕಿಕೊಳ್ಳುತ್ತಾನೆ. ತಂಡ ಮಾತ್ರ ಅದನ್ನು ವರ್ಷಕ್ಕೆ 1 ಕೋಟಿಯಂತೆ ನಾಲ್ಕು ವರ್ಷಕ್ಕೆ ಹಂಚಿ ಬರೆದುಕೊಳ್ಳುತ್ತದೆ. ಇಎಂಐನಲ್ಲಿ ಫ್ರಿಡ್ಜ್ ತಂದ ಹಾಗೆ, ಸಾಮಾನು ಮನೆಗೆ ಬಂದಿರುತ್ತೆ, ಕಂತು ಓಡುತ್ತಿರುತ್ತೆ. ಹೀಗೆ ಹಂಚಲು ಐದು ವರ್ಷದವರೆಗೆ ಮಾತ್ರ ಅವಕಾಶ.

ಎರಡು ವರ್ಷ ಕಳೆದ ಮೇಲೆ ಆ ಆಟಗಾರನನ್ನು ತೆಗೆದುಹಾಕಿದರೆ? ಉಳಿದ 2 ಕೋಟಿ ಕಂತು ಒಟ್ಟಿಗೆ ಆ ವರ್ಷದ ಲೆಕ್ಕಕ್ಕೆ ಬೀಳುತ್ತದೆ. ಆಟಗಾರ ಇಲ್ಲ, ಖರ್ಚು ಇದೆ. ಇದಕ್ಕೆ ಡೆಡ್ ಮನಿ ಅನ್ನುತ್ತಾರೆ. ಜೂನ್ 1ರ ನಂತರ ಬಿಟ್ಟರೆ ಎರಡು ವರ್ಷಕ್ಕೆ ಹಂಚಬಹುದು, ಅಷ್ಟೇ ಉಸಿರಾಟ.

ಡೆನ್ವರ್ ಬ್ರಾಂಕೋಸ್ ಕಥೆ ಕೇಳಿದರೆ ಇದರ ಬಿಸಿ ಗೊತ್ತಾಗುತ್ತದೆ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ) ರಸೆಲ್ ವಿಲ್ಸನ್‌ಗೆ ಐದು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ ಕೊಟ್ಟರು. 2024ರ ಮಾರ್ಚ್‌ನಲ್ಲಿ ಸಾಕಪ್ಪಾ ಸಾಕು ಅಂತ ಬಿಟ್ಟರು. ಬಿಟ್ಟದ್ದಕ್ಕೆ ಕ್ಯಾಪ್ ಮೇಲೆ ಕೂತ ಹೊರೆ 8.5 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ವಿಲ್ಸನ್ ಕನಿಷ್ಠ ಸಂಬಳಕ್ಕೆ ಪಿಟ್ಸ್‌ಬರ್ಗ್ ಸೇರಿಕೊಂಡರು, ಯಾಕೆಂದರೆ ಅವರ ಸಂಬಳದ ದೊಡ್ಡ ಪಾಲು ಇನ್ನೂ ಡೆನ್ವರ್ ಕೊಡಬೇಕಿತ್ತು.

ಹಂತ 5: ಶೀರ್ಷಿಕೆಯ ಮೊತ್ತ ಬಿಡಿ, ಗ್ಯಾರಂಟಿ ಓದಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ‘ನಾಲ್ಕು ವರ್ಷ, 12 ಕೋಟಿ ಡಾಲರ್’ ಅಂತ ಬಂದರೆ ಅಷ್ಟೂ ಸಿಗುತ್ತದೆ ಅಂತಲ್ಲ. ಕೊನೆಯ ಒಂದೆರಡು ವರ್ಷದ ಸಂಬಳಕ್ಕೆ ಹೆಚ್ಚಿನ ಸಲ ಗ್ಯಾರಂಟಿ ಇರುವುದಿಲ್ಲ. ತಂಡಕ್ಕೆ ಬೇಡವಾದರೆ ಆ ವರ್ಷಗಳು ಕಾಗದದಲ್ಲೇ ಉಳಿಯುತ್ತವೆ.

2024ರ ಏಪ್ರಿಲ್ 24ರಂದು ಲಯನ್ಸ್ ಒಂದೇ ದಿನ ಎರಡು ದೊಡ್ಡ ಒಪ್ಪಂದ ಮಾಡಿಕೊಂಡಿತು. ರಿಸೀವರ್ ಅಮನ್-ರಾ ಸೇಂಟ್ ಬ್ರೌನ್‌ಗೆ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಟ್ಯಾಕಲ್ ಪೆನೇ ಸೂವೆಲ್‌ಗೆ ನಾಲ್ಕು ವರ್ಷಕ್ಕೆ 11.2 ಕೋಟಿ. ಶೀರ್ಷಿಕೆ ನೋಡಿದರೆ ಗೆದ್ದವರು ಸೇಂಟ್ ಬ್ರೌನ್. ಗ್ಯಾರಂಟಿ ನೋಡಿ: ಸೇಂಟ್ ಬ್ರೌನ್‌ಗೆ 7.7 ಕೋಟಿ, ಸೂವೆಲ್‌ಗೆ 8.5 ಕೋಟಿ. ಖಾತ್ರಿ ದುಡ್ಡು ಹೆಚ್ಚು ಸಿಕ್ಕಿದ್ದು ಟಿವಿಯಲ್ಲಿ ಕಡಿಮೆ ಕಾಣಿಸಿಕೊಳ್ಳುವ ಸೂವೆಲ್‌ಗೆ.

ಕ್ವಾರ್ಟರ್‌ಬ್ಯಾಕ್‌ಗಳ ವಿಷಯ ಬೇರೆ. ಮರು ತಿಂಗಳು ಲಯನ್ಸ್ ತನ್ನ ಜ್ಯಾರೆಡ್ ಗಾಫ್‌ಗೆ ಕೊಟ್ಟ 21.2 ಕೋಟಿಯಲ್ಲಿ 17 ಕೋಟಿಗೆ ಗ್ಯಾರಂಟಿ ಇತ್ತು. 2025ರ ಅಕ್ಟೋಬರ್‌ನಲ್ಲಿ ಲಯನ್ಸ್ ರಕ್ಷಣೆಯ ಆಟಗಾರ ಏಡನ್ ಹಚಿನ್ಸನ್ ನಾಲ್ಕು ವರ್ಷಕ್ಕೆ 18 ಕೋಟಿಗೆ ಸಹಿ ಹಾಕಿದರು, ಗ್ಯಾರಂಟಿ 14.1 ಕೋಟಿ. ಸುಮಾರು ಒಂದು ವರ್ಷದ ಹಿಂದೆ ಡಲ್ಲಾಸ್‌ನಲ್ಲಿ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದುಕೊಂಡಿದ್ದ ಹುಡುಗ ಆತ. ಮೂಳೆ ಮುರಿದವನ ಮೇಲೆ ಇಷ್ಟು ಖಾತ್ರಿ ಇಟ್ಟಿದ್ದಾರೆ ಅಂದರೆ, ತಂಡದ ಒಳಗಿನ ಅಂದಾಜು ಏನು ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಹಂತ 6: ಹಿಡಿದಿಟ್ಟುಕೊಳ್ಳುವ ಹಗ್ಗಗಳು

ಎರಡು ಹಗ್ಗ ಗೊತ್ತಿದ್ದರೆ ಸಾಕು. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನಿಗೆ ನಾಲ್ಕು ವರ್ಷದ ಒಪ್ಪಂದ, ಐದನೇ ವರ್ಷ ತಂಡದ ಇಷ್ಟ. ಮೂರನೇ ಋತು ಮುಗಿದ ಮೇಲೆ, ಮೇ ಆರಂಭದೊಳಗೆ ಹೇಳಬೇಕು. 2025ರಲ್ಲಿ ಲಯನ್ಸ್ ಹಚಿನ್ಸನ್ ಮತ್ತು ಜೇಮ್ಸನ್ ವಿಲಿಯಮ್ಸ್ ಇಬ್ಬರಿಗೂ ಹೂಂ ಅಂದಿತು.

ಇನ್ನೊಂದು ಫ್ರಾಂಚೈಸ್ ಟ್ಯಾಗ್. ಒಪ್ಪಂದ ಮುಗಿದ ಒಬ್ಬ ಆಟಗಾರನನ್ನು ಇನ್ನೊಂದು ವರ್ಷ ಕಟ್ಟಿಹಾಕಬಹುದು, ಅವನ ಜಾಗದಲ್ಲಿ ಆಡುವ ದುಬಾರಿ ಆಟಗಾರರ ಮಟ್ಟದ ಸಂಬಳ ಕೊಟ್ಟು. ಎರಡನೇ ಸಲ ಕಟ್ಟಿದರೆ ಹಿಂದಿನದಕ್ಕಿಂತ ಶೇ 20ರಷ್ಟು ಜಾಸ್ತಿ. ಸಿನ್ಸಿನಾಟಿ ತಂಡದ ರಿಸೀವರ್ ಟೀ ಹಿಗಿನ್ಸ್‌ಗೆ 2025ರಲ್ಲಿ ಎರಡನೇ ಸಲ ಟ್ಯಾಗ್ ಬಿತ್ತು, ಬೆಲೆ ಸುಮಾರು 2.6 ಕೋಟಿ ಡಾಲರ್. ಅದೇ ತಿಂಗಳು ನಾಲ್ಕು ವರ್ಷಕ್ಕೆ 11.5 ಕೋಟಿಯ ಒಪ್ಪಂದವೂ ಆಯಿತು. ಆಟಗಾರರಿಗೆ ಟ್ಯಾಗ್ ಕಂಡರೆ ಆಗದು. ಗಾಯವಾದರೆ ಮುಂದಿನ ವರ್ಷ ಕೈ ಖಾಲಿ ಅನ್ನುವ ಭಯ.

ಹಂತ 7: ಸದ್ದಿಲ್ಲದೆ ಹೋದವರನ್ನು ಎಣಿಸಿ

2025ರ ಮಾರ್ಚ್‌ನಲ್ಲಿ ಡೆಟ್ರಾಯ್ಟ್‌ನಲ್ಲಿ ಚರ್ಚೆಯಾದದ್ದು ಎದುರಾಳಿ ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್ ಜಾಗ. ಕಾರ್ಲ್ಟನ್ ಡೇವಿಸ್ ಮೂರು ವರ್ಷಕ್ಕೆ 6 ಕೋಟಿ ಡಾಲರ್‌ಗೆ ಪೇಟ್ರಿಯಟ್ಸ್ ಪಾಲಾದರು. ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಆ ಬೆಲೆಗೆ ಹೋಗದೆ, ಜೆಟ್ಸ್‌ನಿಂದ ಡಿ.ಜೆ. ರೀಡ್ ಅವರನ್ನು ಮೂರು ವರ್ಷಕ್ಕೆ 4.8 ಕೋಟಿಗೆ ತಂದರು. ಒಳ್ಳೆಯ ವ್ಯಾಪಾರ ಅಂತಲೇ ನನ್ನ ಲೆಕ್ಕ.

ಗಾಫ್ ಮುಂದಿನ ಕಾವಲು ಸಾಲಿನ ಗಾರ್ಡ್ ಕೆವಿನ್ ಝೈಟ್ಲರ್ ಟೆನೆಸಿ ತಂಡಕ್ಕೆ ಹೋದದ್ದು ಮಾತ್ರ ಒಂದು ಸಾಲಿನ ಸುದ್ದಿಯಾಯಿತು. ಜೂನ್‌ನಲ್ಲಿ ಅದೇ ಸಾಲಿನ ಸೆಂಟರ್ ಫ್ರ್ಯಾಂಕ್ ರ್ಯಾಗ್ನೋ ನಿವೃತ್ತಿ ಹೇಳಿದರು. ಒಪ್ಪಂದ ಮುಗಿದ ಆಟಗಾರರ (ಫ್ರೀ ಏಜೆಂಟ್) ಪೇಟೆ ಖಾಲಿ, ಡ್ರಾಫ್ಟ್ ಮುಗಿದಿದೆ, ಹೊಸಬನನ್ನು ಎಲ್ಲಿಂದ ತರುವುದು? ಗಾಫ್ ಮುಂದೆ ಗೋಡೆಯಂತೆ ನಿಲ್ಲುತ್ತಿದ್ದ ಐವರಲ್ಲಿ ಮಧ್ಯದ ಇಬ್ಬರು ಇಲ್ಲ. ಗಾಫ್ ಓಡಿ ತಪ್ಪಿಸಿಕೊಳ್ಳುವ ಜಾತಿಯ ಕ್ವಾರ್ಟರ್‌ಬ್ಯಾಕ್ ಅಲ್ಲ, ನಿಂತು ಎಸೆಯುವವರು. ಮುಂದಿನ ಋತುವಿನಲ್ಲಿ ಎಲ್ಲರೂ ಮಾರ್ಟನ್‌ರನ್ನೇ ಬೈದರು. ಅವರ ತಪ್ಪೂ ಇತ್ತು. ಆದರೆ ಜಾನ್ಸನ್ ಕೈಯಲ್ಲಿದ್ದ ಗೋಡೆ ಮಾರ್ಟನ್‌ಗೆ ಸಿಗಲಿಲ್ಲ ಅನ್ನುವುದನ್ನೂ ಜೊತೆಗೇ ಬರೆದುಕೊಳ್ಳಬೇಕು.

ಹಂತ 8: ಆಗಸ್ಟ್ ಕೊನೆಯ ಮಂಗಳವಾರ

ಬೇಸಿಗೆಯಲ್ಲಿ ತಂಡದಲ್ಲಿ 90 ಜನ ಇರಬಹುದು. ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು, 2025ರಲ್ಲಿ ಅದು 26ನೇ ತಾರೀಖು. ಅನುಭವ ಕಡಿಮೆ ಇರುವ ಆಟಗಾರನನ್ನು ಬಿಟ್ಟರೆ ಉಳಿದ ತಂಡಗಳು ಮರುದಿನದೊಳಗೆ ಅವನನ್ನು ಕೇಳಬಹುದು. ಯಾರೂ ಕೇಳದಿದ್ದರೆ ಹಳೆಯ ತಂಡವೇ ಅವನನ್ನು ಅಭ್ಯಾಸ ತಂಡಕ್ಕೆ ಮತ್ತೆ ಕರೆದುಕೊಳ್ಳಬಹುದು. ಮಾರ್ಚ್‌ನಲ್ಲಿ ಒಂದು ವರ್ಷದ ಸಣ್ಣ ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು ಬರೆದಿಟ್ಟುಕೊಂಡಿದ್ದರೆ, ಆ ದಿನದ ಪಟ್ಟಿಯ ಪಕ್ಕ ಇಟ್ಟು ನೋಡಿ. ಗ್ಯಾರಂಟಿ ಇಲ್ಲದ ಹೆಸರುಗಳೇ ಮೊದಲು ಹೊಡೆದುಹೋಗಿರುತ್ತವೆ.