ಬಿಸಿಲೂರಿನಿಂದ ಸ್ನೋ ಬೀಳುವ ಊರಿಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸಬರಿಗೆ ಚಳಿಗಾಲದ ಡ್ರೈವಿಂಗ್ ಮಾತು

ಬೇಸಿಗೆ ರಜೆಗೆ ನಾನು ಬಳ್ಳಾರಿಗೆ ಬಂದಾಗಲೆಲ್ಲ ಹೊರದೇಶಕ್ಕೆ ಹೊರಟ ಹುಡುಗರು, ಅವರ ಅಪ್ಪ ಅಮ್ಮ ಮನೆಗೆ ಬರುತ್ತಾರೆ. ವೀಸಾ ಬಗ್ಗೆ ಕೇಳುತ್ತಾರೆ, ಬಾಡಿಗೆ ಬಗ್ಗೆ ಕೇಳುತ್ತಾರೆ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಷ್ಟು ಕಟ್ಟಿಕೊಂಡು ಹೋಗಬಹುದು ಅಂತ ಕೇಳುತ್ತಾರೆ. ಚಳಿಗಾಲದಲ್ಲಿ ಕಾರು ಓಡಿಸುವ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹೊರಗೆ 42 ಡಿಗ್ರಿ ಬಿಸಿಲು ಇರುವಾಗ ಹಿಮ ಯಾರ ತಲೆಗೆ ಬರುತ್ತದೆ ಹೇಳಿ? ಆದರೆ ಲೆಕ್ಕ ಹಾಕಿ ನೋಡಿ. ಆಗಸ್ಟ್‌ನಲ್ಲಿ ಇಳಿಯುತ್ತೀರಿ, ಅಕ್ಟೋಬರ್ ಹೊತ್ತಿಗೆ ಯಾರದೋ ಹಳೇ ಕಾರು ಕೊಳ್ಳುತ್ತೀರಿ, ನವೆಂಬರ್‌ಗೆ ಸ್ನೋ ಶುರು. ಬಲಗಡೆ ಓಡಿಸುವುದು ರೂಢಿಯಾಗುವ ಮೊದಲೇ ರಸ್ತೆ ಜಾರತೊಡಗುತ್ತದೆ. ಅದಕ್ಕೇ ಇದನ್ನು ಈಗಲೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ನೋ ಎಲ್ಲ ಊರಲ್ಲೂ ಒಂದೇ ತರಹ ಇರುವುದಿಲ್ಲ. ಅಮೆರಿಕದ ದಕ್ಷಿಣದ ಡಲ್ಲಾಸ್‌ನಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಅಲ್ಲಿನ ಉತ್ತರದ ಮಿನಿಯಾಪೊಲಿಸ್‌ನಲ್ಲಿ ನಡೆಯುವುದಿಲ್ಲ, ಮಿನಿಯಾಪೊಲಿಸ್‌ನವರು ಹೇಳಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯುವುದಿಲ್ಲ. ನಮ್ಮವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಪ್ರೀತಿಯಿಂದಲೇ ಸಲಹೆ ಕೊಡುತ್ತಾರೆ. ಆದರೆ ನಿಮ್ಮ ಬೀದಿಯ ಚಳಿ ಗೊತ್ತಿರುವುದು ನಿಮ್ಮ ಪಕ್ಕದ ಮನೆಯವರಿಗೆ. ಅವರು ಯಾವ ಟೈರ್ ಹಾಕುತ್ತಾರೆ, ಯಾವತ್ತು ಗಾಡಿ ಹೊರಗೆ ತೆಗೆಯುವುದಿಲ್ಲ, ಕಾರನ್ನು ರಸ್ತೆಯ ಯಾವ ಬದಿಗೆ ನಿಲ್ಲಿಸುತ್ತಾರೆ ಅಂತ ನೋಡಿ. ನಾಚಿಕೆ ಬಿಟ್ಟು ಹೋಗಿ ಕೇಳಿ.

ಜಾಸ್ತಿ ಸ್ನೋ ಬೀಳುವ ಊರೇ ಜಾಸ್ತಿ ಅಪಾಯ ಅಂತ ಅಂದುಕೊಳ್ಳಬೇಡಿ. ಅಟ್ಲಾಂಟಾದಲ್ಲಿ 2014ರ ಜನವರಿ 28ರಂದು ಬಿದ್ದದ್ದು ಎರಡು ಮೂರು ಇಂಚು ಸ್ನೋ, ಅಷ್ಟೇ. ಮಧ್ಯಾಹ್ನ ಎಲ್ಲ ಆಫೀಸು, ಶಾಲೆ ಒಟ್ಟಿಗೇ ಬಿಟ್ಟರು. ಎಲ್ಲರೂ ಒಂದೇ ಹೊತ್ತಿಗೆ ರಸ್ತೆಗೆ ಇಳಿದರು, ರಸ್ತೆ ಐಸ್ ಆಯಿತು. ಸಾವಿರಾರು ಜನ ರಾತ್ರಿಯಿಡೀ ಹೈವೇಯಲ್ಲಿ ಕಾರಲ್ಲೇ ಕಳೆದರು, ಮಕ್ಕಳು ಶಾಲೆಯಲ್ಲೇ ಮಲಗಿದರು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 2021ರ ಫೆಬ್ರುವರಿ 11ರ ಬೆಳಗಿನ ಜಾವ ನೆಲಕ್ಕೆ ಬಿದ್ದ ಕೂಡಲೇ ಹೆಪ್ಪುಗಟ್ಟುವ ಮಳೆ ಬಂತು. 130ಕ್ಕೂ ಹೆಚ್ಚು ಗಾಡಿಗಳು ಒಂದರ ಮೇಲೊಂದು ಗುದ್ದಿದವು, ಆರು ಜನ ಸತ್ತರು. ಅಂಥ ಊರುಗಳಲ್ಲಿ ಸ್ನೋ ತೆಗೆಯುವ ಗಾಡಿ ಕಡಿಮೆ, ಚಳಿಗಾಲದ ಟೈರ್ ಯಾರ ಹತ್ತಿರವೂ ಇರುವುದಿಲ್ಲ, ಓಡಿಸಿ ರೂಢಿಯೂ ಇಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋಗುವವರಿಗೆ ನನ್ನ ಸಲಹೆ ಒಂದೇ: ಐಸ್ ಬೀಳುತ್ತದೆ ಅಂತ ಸುದ್ದಿ ಬಂದರೆ ಹಿಂದಿನ ದಿನವೇ ಹಾಲು, ಅಕ್ಕಿ, ಔಷಧ ತಂದಿಟ್ಟುಕೊಂಡು ಮನೆಯಲ್ಲಿರಿ. ಅಲ್ಲಿ ಹುಟ್ಟಿ ಬೆಳೆದವರೂ ಅದನ್ನೇ ಮಾಡುತ್ತಾರೆ.

ಮಿನಿಯಾಪೊಲಿಸ್ ಕಡೆ ಲೆಕ್ಕವೇ ಬೇರೆ. ಅಲ್ಲಿ ಐದಾರು ಇಂಚು ಬಿದ್ದರೂ ಮರುದಿನ ಆಫೀಸು ನಡೆಯುತ್ತದೆ. ರಾತ್ರಿಯೇ ಸ್ನೋ ಪಕ್ಕಕ್ಕೆ ತಳ್ಳುವ ಪ್ಲೋ ಗಾಡಿಗಳು ಬರುತ್ತವೆ, ಐಸ್ ಕರಗಲಿ ಅಂತ ಉಪ್ಪು ಹಾಕುತ್ತಾರೆ. ಅವರು ಬರುವಾಗ ನಿಮ್ಮ ಕಾರು ರಸ್ತೆಯಲ್ಲಿ ಅಡ್ಡ ಇರಬಾರದು. ಊರಿನವರು ಸ್ನೋ ಎಮರ್ಜೆನ್ಸಿ ಅಂತ ಸಾರಿದರೆ ಮೂರು ದಿನ ಯಾವ ದಿನ ಯಾವ ಬದಿಗೆ ನಿಲ್ಲಿಸಬೇಕು ಅಂತ ನಿಯಮ ಇರುತ್ತದೆ. ತಪ್ಪಿದರೆ ಕಾರು ಎಳೆದುಕೊಂಡು ಹೋಗುತ್ತಾರೆ, ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಷಿಕಾಗೋದ ಕೆಲವು ದೊಡ್ಡ ರಸ್ತೆಗಳಲ್ಲಿ ಸ್ನೋ ಇರಲಿ ಬಿಡಲಿ, ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಬೆಳಗಿನ ಜಾವ 3ರಿಂದ 7ರ ತನಕ ಗಾಡಿ ನಿಲ್ಲಿಸುವ ಹಾಗೇ ಇಲ್ಲ. ಮಾಂಟ್ರಿಯಲ್‌ನಲ್ಲಿ ಸ್ನೋ ಎತ್ತುವ ಮುಂಚೆ ಸೈರನ್ ಹೊಡೆಯುತ್ತಾ ಬರುತ್ತಾರೆ. ಆ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟಾದರೂ ಎದ್ದು ಹೋಗಿ ಕಾರು ತೆಗೆಯಿರಿ. ಹೊಸಬರ ಕೈಯಿಂದ ಮೊದಲ ಚಳಿಗಾಲದಲ್ಲಿ ಸುಮ್ನೆ ದುಡ್ಡು ಹೋಗುವುದು ಬಹುಪಾಲು ಹೀಗೆ ನಿಲ್ಲಿಸಿದ ಗಾಡಿಯಿಂದಲೇ.

ಅಮೆರಿಕದ ಬಫಲೋ ಕಡೆ ಕೆರೆಯ ಪಕ್ಕದ ಸ್ನೋ. ಕೆರೆ ಅಂದರೆ ನಮ್ಮ ತುಂಗಭದ್ರಾ ಡ್ಯಾಮಿನ ನೀರಿನಷ್ಟಲ್ಲ, ಸಮುದ್ರದಂಥ ಈರಿ ಸರೋವರ. ತಣ್ಣನೆಯ ಗಾಳಿ ಅದರ ಮೇಲೆ ಹಾದು ಬರುವಾಗ ನೀರಿನ ಆವಿ ಹೀರಿಕೊಂಡು ದಡಕ್ಕೆ ಬಂದು ಸುರಿಯುತ್ತದೆ. ಒಂದು ಬಡಾವಣೆಯಲ್ಲಿ ಕಾರು ಮುಳುಗುವಷ್ಟು ಬಿದ್ದರೆ, ಹತ್ತು ಮೈಲಿ ಆಚೆ ಬಿಸಿಲು ಇರಬಹುದು. ಅದಕ್ಕೇ ಅಲ್ಲಿ ಕಿಟಕಿಯಿಂದ ಆಕಾಶ ನೋಡಿ ಹೊರಡಬೇಡಿ, ಹವಾಮಾನದ ಎಚ್ಚರಿಕೆ ನೋಡಿ ಹೊರಡಿ. 2022ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬಂದ ಹಿಮಗಾಳಿಗೆ ಬಫಲೋ ಮತ್ತು ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೆಲವರು ಕಾರಲ್ಲೇ ಸಿಕ್ಕಿಬಿದ್ದವರು. ಗಾಡಿ ಓಡಿಸಬಾರದು ಅಂತ ಸರ್ಕಾರ ಆದೇಶ ಹೊರಡಿಸಿದ ಮೇಲೆ ಯಾವ ಮ್ಯಾನೇಜರ್ ಕರೆದರೂ ಹೋಗಬೇಡಿ. ಕೆಲಸ ಇನ್ನೊಂದು ಸಿಗುತ್ತದೆ.

ಕೆನಡಾದ ಎಡ್ಮಂಟನ್, ವಿನಿಪೆಗ್ ಕಡೆ ಹೋಗುವವರು ಕಾರಿನ ಮುಂಭಾಗದಿಂದ ಕರೆಂಟ್ ವೈರ್ ನೇತಾಡುವುದನ್ನು ನೋಡುತ್ತೀರಿ. ಅದು ಇಂಜಿನ್ ಬಿಸಿ ಇಡುವ ಹೀಟರ್. ಮೈನಸ್ 30ರಲ್ಲಿ ರಾತ್ರಿ ಅದನ್ನು ಪ್ಲಗ್ಗಿಗೆ ಹಾಕದಿದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೇ ಇರಬಹುದು. ಅಷ್ಟು ಚಳಿಯಲ್ಲಿ ಉಪ್ಪೂ ಕೆಲಸ ಮಾಡುವುದಿಲ್ಲ. ಮೈನಸ್ 10ರ ಕೆಳಗೆ ಇಳಿದರೆ ಮಾಮೂಲಿ ಉಪ್ಪು ಐಸ್ ಕರಗಿಸುವುದು ತೀರ ನಿಧಾನ, ಅದಕ್ಕೆ ಮರಳು ಎರಚುತ್ತಾರೆ. ರಸ್ತೆ ಬೆಳ್ಳಗೇ ಇರುತ್ತದೆ, ಅದರ ಮೇಲೇ ಓಡಿಸಬೇಕು.

ಟೈರ್ ವಿಷಯಕ್ಕೆ ಬರೋಣ. ಹೊಸಬರು ದುಡ್ಡು ಉಳಿಸಲು ಹೋಗುವುದು ಇಲ್ಲೇ. ನಮ್ಮ ಕಡೆ ಟೈರ್ ಅಂದರೆ ಟೈರ್, ಸವೆಯುವ ತನಕ ಒಂದೇ. ಅಲ್ಲಿ ಹಾಗಲ್ಲ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಇರುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹೂ ಇರುವ ಗುರುತು ನೋಡಿ ಕೊಳ್ಳಿ. ನಾಲ್ಕೂ ಹಾಕಿಸಿ. ಬರೀ ಎರಡು ಹಾಕಿಸಿದರೆ ಕಾರಿನ ಒಂದು ತುದಿ ಹಿಡಿಯುತ್ತದೆ, ಇನ್ನೊಂದು ತುದಿ ಜಾರುತ್ತದೆ. ಚಳಿ ಏರಿದಂತೆ ಟೈರಿನ ಗಾಳಿಯ ಒತ್ತಡವೂ ಇಳಿಯುತ್ತದೆ, ಸುಮಾರು 6 ಡಿಗ್ರಿಗೆ 1 ಪಿಎಸ್‌ಐ ಲೆಕ್ಕ. ತಿಂಗಳಿಗೊಮ್ಮೆ ಗಾಳಿ ಚೆಕ್ ಮಾಡಿಸಿ.

ಇದರಲ್ಲಿ ಕಾನೂನು ದೇಶಕ್ಕೊಂದು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಪಕ್ಕದ ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ, ಆದರೆ ಹಾಕಿಸಿದರೆ ಇನ್ಶೂರೆನ್ಸ್‌ನವರು ರಿಯಾಯಿತಿ ಕೊಡಲೇಬೇಕು, ಕೇಳಿ ತಗೊಳ್ಳಿ. ಜರ್ಮನಿಯಲ್ಲಿ ತಾರೀಖು ಇಲ್ಲ, ರಸ್ತೆಯಲ್ಲಿ ಐಸ್ ಅಥವಾ ಸ್ನೋ ಇದ್ದರೆ ಚಳಿಗಾಲದ ಟೈರ್ ಇರಲೇಬೇಕು. 2024ರ ಅಕ್ಟೋಬರ್‌ನಿಂದ ಆ ಬೆಟ್ಟ-ಹೂವಿನ ಗುರುತು ಇದ್ದದ್ದೇ ಆಗಬೇಕು, ಕೆಸರು ಮತ್ತು ಸ್ನೋಗೆ ಅಂತ ಹಾಕುವ ಹಳೇ ಎಂ ಪ್ಲಸ್ ಎಸ್ ಗುರುತು ಸಾಲದು. ಅಲ್ಲಿನವರು ಅಕ್ಟೋಬರ್‌ನಿಂದ ಈಸ್ಟರ್ ತನಕ ಹಾಕಿಕೊಂಡು ನಿಶ್ಚಿಂತೆಯಿಂದ ಇರುತ್ತಾರೆ, ನೀವೂ ಹಾಗೇ ಮಾಡಿ. ಬಾಡಿಗೆ ಮನೆಯ ಕರಾರನ್ನೂ ಓದಿ. ಮನೆ ಮುಂದಿನ ಕಾಲುದಾರಿಯ ಸ್ನೋ ತೆಗೆಯುವ ಹೊಣೆ ಬಾಡಿಗೆದಾರರ ಮೇಲೆ ಹಾಕಿರುವುದು ಅಲ್ಲಿ ಸಾಮಾನ್ಯ. ಸ್ವೀಡನ್‌ನಲ್ಲಂತೂ ಲೈಸೆನ್ಸ್ ಬೇಕೆಂದರೆ ಜಾರುವ ಟ್ರ್ಯಾಕಿನಲ್ಲಿ ಓಡಿಸಿ ಕಲಿಯುವ ಪಾಠ ಮುಗಿಸಲೇಬೇಕು. ಇಂಥ ಪಾಠ ಎಲ್ಲ ದೇಶದಲ್ಲೂ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೋಗುವವರು ನಮಗೆ ಸ್ನೋ ಇಲ್ಲ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಶನಿವಾರ ಸ್ನೇಹಿತರ ಜೊತೆ ಲೇಕ್ ಟಾಹೋಗೆ ಹೊರಟರೆ ಸ್ನೋ ಬಿದ್ದ ದಿನ ಘಾಟಿಯಲ್ಲಿ ಟೈರಿಗೆ ಸುತ್ತುವ ಚೈನ್ ಹಾಕಿಸದೆ ಮುಂದೆ ಬಿಡದೇ ಇರಬಹುದು. ಚೈನ್ ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೋಗಿ, ಹಾಕುವುದನ್ನು ಮನೆ ಮುಂದೆ ಒಮ್ಮೆ ಕಲಿತುಕೊಳ್ಳಿ.

ಜಪಾನಿನ ಒಂದು ವಿಷಯ ನಮ್ಮ ಬೋರ್‌ವೆಲ್ ನಾಡಿನವರಿಗೆ ಹೇಳಲೇಬೇಕು. ನಾಗಾವೊಕಾ ಕಡೆ ರಸ್ತೆಯ ನಡುವೆ ಪೈಪು ಹೂತಿದ್ದಾರೆ. ನೆಲದಡಿಯ ನೀರು ಮೇಲಿನ ಚಳಿಗಿಂತ ಬೆಚ್ಚಗಿರುತ್ತದಲ್ವಾ, ಅದನ್ನೇ ಮೇಲೆತ್ತಿ ರಸ್ತೆಗೆ ಚಿಮ್ಮಿಸಿ ಸ್ನೋ ಕರಗಿಸುತ್ತಾರೆ. ಉತ್ತರದ ಹೊಕ್ಕೈಡೊದಲ್ಲಿ ಇದು ನಡೆಯದು, ಚಿಮ್ಮಿದ ನೀರೇ ಐಸ್ ಆಗುತ್ತದೆ. ಒಂದೇ ದೇಶದಲ್ಲಿ ಹೀಗೆ ಎರಡು ಪದ್ಧತಿ.

ಈಗ ಓಡಿಸುವ ಮಾತು. ಸಿಂಧನೂರು, ಮಾನ್ವಿ ಕಡೆ ಮಳೆ ಬಿದ್ದ ಎರೆ ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಅರ್ಧ ಪಾಠ ಗೊತ್ತೇ ಇದೆ. ಹಸಿ ಎರೆಯಲ್ಲಿ ಯಾರೂ ಗಕ್ಕನೆ ಬ್ರೇಕ್ ಹಿಡಿಯುವುದಿಲ್ಲ, ಗಕ್ಕನೆ ಹ್ಯಾಂಡಲ್ ತಿರುಗಿಸುವುದಿಲ್ಲ, ಎಕ್ಸಲೇಟರ್ ಜೋರಾಗಿ ಕೊಡುವುದಿಲ್ಲ. ಐಸ್ ಮೇಲೂ ಅದೇ. ಎಲ್ಲ ಮೆಲ್ಲಗೆ. ಆದರೆ ಎರೆ ಮಣ್ಣು ಕಣ್ಣಿಗೆ ಕಾಣುತ್ತದೆ, ರಸ್ತೆ ಮೇಲೆ ತೆಳ್ಳಗೆ ಕಟ್ಟುವ ಬ್ಲ್ಯಾಕ್ ಐಸ್ ಕಾಣುವುದಿಲ್ಲ. ಬರೀ ಒದ್ದೆ ಡಾಂಬರ್ ತರಹ ಇರುತ್ತದೆ. ಸೇತುವೆ, ಫ್ಲೈಓವರ್ ಮೇಲೆ ಅದು ಮೊದಲು ಕಟ್ಟುತ್ತದೆ, ಯಾಕಂದರೆ ಅಲ್ಲಿ ಮೇಲೂ ಕೆಳಗೂ ತಣ್ಣನೆ ಗಾಳಿ. ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುವುದು ನಿಂತು, ರಸ್ತೆ ಮಾತ್ರ ಒದ್ದೆ ಕಂಡರೆ ಅನುಮಾನಪಡಿ. ಐಸ್ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯ ಹತ್ತರಷ್ಟು ದೂರ ಬೇಕಾಗಬಹುದು. ಸ್ಪೀಡನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಬೇಡಿ. ನಾಲ್ಕು ಚಕ್ರಕ್ಕೂ ಎಳೆತ ಇರುವ ದೊಡ್ಡ ಗಾಡಿ ಇದೆ ಅಂತ ಧೈರ್ಯ ಬೇಡ, ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಮಾಡುವುದಿಲ್ಲ.

ಮೊದಲ ಸ್ನೋ ಬಿದ್ದ ಭಾನುವಾರ ಬೆಳಿಗ್ಗೆ ಗೊತ್ತಿರುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಬ, ಕಟ್ಟೆ ಇಲ್ಲದ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಜಾಗದವರ ಅಡ್ಡಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೂವತ್ತು ಕಿಲೋಮೀಟರ್ ಸ್ಪೀಡಿಗಿಂತ ಕಡಿಮೆ ಇಟ್ಟು ಬ್ರೇಕ್ ಪೂರ್ತಿ ಒತ್ತಿ. ಪೆಡಲ್ ಕಾಲಡಿಯಲ್ಲಿ ಗಡಗಡ ಅನ್ನುತ್ತದೆ, ಒಳಗೆ ಏನೋ ಮುರಿದ ಹಾಗೆ ಸದ್ದು ಬರುತ್ತದೆ. ಏನೂ ಮುರಿದಿರುವುದಿಲ್ಲ, ಅದು ಎಬಿಎಸ್, ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿದು ಸ್ಟೇರಿಂಗ್ ತಿರುಗಿಸಿ ನೋಡಿ, ಗಾಡಿ ತಿರುಗುತ್ತದೆ. ಹಿಂಭಾಗ ಜಾರಿದರೆ ಎಕ್ಸಲೇಟರ್ ಬಿಟ್ಟು, ಹೋಗಬೇಕಾದ ಕಡೆ ಕಣ್ಣಿಟ್ಟು ಆ ಕಡೆಗೇ ಮೆಲ್ಲಗೆ ತಿರುಗಿಸಿ. ಗುದ್ದುತ್ತೇನೆ ಅಂತ ಕಂಬವನ್ನೇ ನೋಡುತ್ತಿದ್ದರೆ ಕೈಯೂ ಅಲ್ಲಿಗೇ ಒಯ್ಯುತ್ತದೆ. ಇದನ್ನು ಕಾಲು, ಕೈ ಕಲಿಯಬೇಕು. ಓದಿ ಬರುವುದಿಲ್ಲ.

ಬೆಳಿಗ್ಗೆ ಹೊರಡುವ ಮುಂಚೆ ಹದಿನೈದು ನಿಮಿಷ ಕಾರಿಗೆ ಅಂತ ಎತ್ತಿಡಿ. ಮೊದಲು ಸೈಲೆನ್ಸರ್ ಪೈಪಿನ ಬಾಯಿಗೆ ಸ್ನೋ ಮೆತ್ತಿಕೊಂಡಿದೆಯಾ ನೋಡಿ ತೆಗೆಯಿರಿ, ಆಮೇಲೆ ಸ್ಟಾರ್ಟ್ ಮಾಡಿ. ಪೈಪು ಮುಚ್ಚಿದ್ದರೆ ವಿಷದ ಹೊಗೆ ಒಳಗೆ ಬರುತ್ತದೆ, ವಾಸನೆಯೂ ಗೊತ್ತಾಗುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಆನ್ ಇಡುವುದು ಜೀವಕ್ಕೇ ಅಪಾಯ. ಗ್ಲಾಸಿಗೆ ಬಿಸಿನೀರು ಸುರಿಯಬೇಡಿ, ಸೀಳುತ್ತದೆ. ಬ್ರಷ್ಷಿನಿಂದ ಮೇಲಿನ ಸ್ನೋ ಗುಡಿಸಿ, ಸ್ಕ್ರೇಪರ್‌ನಿಂದ ಐಸ್ ಕೆರೆಯಿರಿ. ನೋಡಲು ಒಂದು ಕಿಂಡಿ ಮಾಡಿಕೊಂಡು ಹೊರಡುವುದು ಬೇಡ. ಟಾಪ್ ಮೇಲಿನದನ್ನೂ ತೆಗೆಯಿರಿ. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಅದು ಜಾರಿ ನಿಮ್ಮ ಗ್ಲಾಸಿಗೇ ಬರುತ್ತದೆ, ಸ್ಪೀಡಲ್ಲಿದ್ದರೆ ಹಿಂದಿನವರ ಮೇಲೆ ಹಾರುತ್ತದೆ. ವೈಪರ್ ನೀರಿನ ಟ್ಯಾಂಕಿಗೆ ನಲ್ಲಿ ನೀರು ಹಾಕಬೇಡಿ, ಚಳಿಗಾಲದ್ದು ಬೇರೆ ಸಿಗುತ್ತದೆ. ಜರ್ಮನಿಯಲ್ಲಿ ಗಾಡಿ ಬಿಸಿಯಾಗಲಿ ಅಂತ ನಿಲ್ಲಿಸಿ ಇಂಜಿನ್ ಓಡಿಸಿದರೆ ದಂಡ ಬೀಳಬಹುದು, ಅದೂ ನೆನಪಿರಲಿ.

ಡಿಕ್ಕಿಯಲ್ಲಿ ಸಣ್ಣ ಸಲಿಕೆ, ದಪ್ಪ ಕಂಬಳಿ, ಟಾರ್ಚು, ಬ್ಯಾಟರಿ ಕೂತರೆ ಬೇಕಾಗುವ ಜಂಪರ್ ಕೇಬಲ್, ಒಂದು ಚೀಲ ಮರಳು, ಒಂದಿಷ್ಟು ತಿನ್ನುವ ಸಾಮಾನು ಇರಲಿ. ಅಮ್ಮ ಕೊಟ್ಟ ಶೇಂಗಾ ಚಿಕ್ಕಿ ಇದಕ್ಕೆ ಬಹಳ ಒಳ್ಳೆಯದು. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಇಳಿಯಲು ಬಿಡಬೇಡಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆದುಕೊಂಡು ಹೋಗಬೇಡಿ. ಹಿಮಗಾಳಿಯಲ್ಲಿ ನೂರು ಹೆಜ್ಜೆ ದೂರದ ಮನೆಯೂ ಕಾಣುವುದಿಲ್ಲ. ತುರ್ತು ನಂಬರಿಗೆ ಫೋನ್ ಮಾಡಿ, ಪೈಪು ತೆರೆದಿದೆಯಾ ನೋಡಿಕೊಂಡು ಗಂಟೆಗೆ ಹತ್ತು ನಿಮಿಷ ಇಂಜಿನ್ ಓಡಿಸಿ, ಕಿಟಕಿ ಒಂದು ಬೆರಳಷ್ಟು ಇಳಿಸಿಡಿ.

ಹಳೇ ಕಾರು ಕೊಳ್ಳುವಾಗ ಕೆಳಗೆ ಬಗ್ಗಿ ನೋಡಿ. ಉತ್ತರದ ಊರುಗಳ ಕಾರು ಮೇಲೆ ಥಳಥಳ ಹೊಳೆಯುತ್ತಿದ್ದರೂ ರಸ್ತೆ ಉಪ್ಪಿಗೆ ಅಡಿಭಾಗ ತುಕ್ಕು ಹಿಡಿದಿರುತ್ತದೆ. ಬ್ಯಾಟರಿ ಹಳತಾಗಿದ್ದರೆ ಚಳಿಗೆ ಮುಂಚೆಯೇ ಬದಲಿಸಿ.

ಕೊನೆಗೆ ಊರಲ್ಲಿರುವ ಅಪ್ಪ ಅಮ್ಮನಿಗೆ ಒಂದು ಮಾತು. ಕೊಪ್ಪಳದ ಹಿರಿಯರೊಬ್ಬರು ನನ್ನನ್ನು ಕೇಳಿದರು, "ಕಾರ್ ಇಲ್ದ ಅಲ್ಲಿ ನಡೆಯಂಗಿಲ್ಲೇನ್ರಿ?" ಷಿಕಾಗೋ, ಟೊರೊಂಟೊ, ಬರ್ಲಿನ್‌ನಂಥ ಊರಲ್ಲಿ ನಡೆಯುತ್ತದೆ, ಮೊದಲ ಚಳಿಗಾಲ ಬಸ್ಸು, ರೈಲಿನಲ್ಲೇ ಕಳೆಯಲಿ ಬಿಡಿ. ಚಿಕ್ಕ ಊರುಗಳಲ್ಲಿ ಮಾತ್ರ ಕಷ್ಟ. ಇನ್ನು ಫೋನ್ ವಿಷಯ. ನೀವು ಬೆಳಿಗ್ಗೆ ಆರಕ್ಕೆ ಎದ್ದು ಚಹಾ ಕುಡಿಯುತ್ತಾ ಮಗನಿಗೆ ಫೋನ್ ಮಾಡುವಾಗ ಮಿನಿಯಾಪೊಲಿಸ್‌ನಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗಿರುತ್ತಾನೆ. ಅವನು ಕತ್ತಲಲ್ಲಿ, ಜಾರುವ ರಸ್ತೆಯಲ್ಲಿ ಕೆಲಸದಿಂದ ಮನೆಗೆ ಬರುತ್ತಿರುತ್ತಾನೆ. ನಿಮ್ಮ ಹೆಸರು ಕಂಡರೆ ಎತ್ತದೆ ಇರಲು ಅವನಿಗೂ ಮನಸ್ಸಾಗುವುದಿಲ್ಲ. ಚಳಿಗಾಲ ಮುಗಿಯುವ ತನಕ ನಮ್ಮ ಬೆಳಿಗ್ಗೆ ಎಂಟು ಗಂಟೆಯ ಮೇಲೆ ಫೋನ್ ಮಾಡಿ. ಮಗ ಮಗಳು ಜರ್ಮನಿಯಲ್ಲಿದ್ದರೆ ನಮ್ಮ ಮಧ್ಯಾಹ್ನ ಹನ್ನೊಂದೂವರೆಗೆ ಅಲ್ಲಿ ಬೆಳಿಗ್ಗೆ ಏಳು, ಅವರು ಹೊರಡುವ ಹೊತ್ತು. ಅವರಿಗೆ ಕೆಲಸ ಮುಗಿಸಿ ಮನೆ ಸೇರಿದ ಮೇಲೆ ಮಾಡಿದರೆ ಆಯಿತು.