ಕೊಲ್ಲಿಗೊಂದು ರೈಲು ಪ್ರದಕ್ಷಿಣೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಕಾರಿಲ್ಲದೆ, ಬರೀ ರೈಲಿನಲ್ಲೇ ಒಂದು ಸುತ್ತು ಹಾಕಬಹುದಾ? ಆರಾಮಾಗಿ ಹಾಕಬಹುದು. ಬೆಳಗ್ಗೆ ತಿಂಡಿ ಮುಗಿಸಿ ಹೊರಟರೆ ಸಂಜೆ ಕಾಫಿ ಹೊತ್ತಿಗೆ ಮನೆ. ನಾನೂ ಅಪ್ಪನೂ ಒಂದು ಶನಿವಾರ ಹೀಗೇ ಹೋಗಿಬಂದೆವು.

ಅಪ್ಪ ಮೈಸೂರಿನಿಂದ ಬಂದ ಮೇಲೆ ಮನೆಯಲ್ಲಿ ಕೂತು ಕೂತು ಬೇಜಾರಾಗಿದ್ದರು. ನಾವಿರುವ ಮೌಂಟನ್ ವ್ಯೂ ಊರಿನಲ್ಲಿ ಕಾರಿಲ್ಲದೆ ಹಾಲು ತರಬೇಕಂದ್ರೂ ಮಗನ ಮುಖ ನೋಡಬೇಕು ಅನ್ನೋದು ಅವರ ದೂರು. ಅವರಿಗೆ ಗೋಲ್ಡನ್ ಗೇಟ್ ತೋರಿಸುವುದಕ್ಕಿಂತ ಇಲ್ಲಿನ ರೈಲು ತೋರಿಸೋಣ ಅನ್ನಿಸಿತು. ಯಾವ ಕಡೆಯಿಂದ ಸುತ್ತುವುದು ಅಂತ ಮ್ಯಾಪ್ ಇಟ್ಟುಕೊಂಡು ಕೂತಾಗ ಅವರೇ ತೀರ್ಮಾನ ಕೊಟ್ಟರು: ಕೊಲ್ಲಿ ಬಲಗಡೆಗೇ ಇರಬೇಕು, ಅಪ್ರದಕ್ಷಿಣೆ ಬೇಡ. ಹಾಗಾಗಿ ಮೊದಲು ಕ್ಯಾಲ್‌ಟ್ರೇನ್ ಹಿಡಿದು ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೋ, ಅಲ್ಲಿ ಟ್ರಾಮ್‌ನಂಥ ಮ್ಯೂನಿ ಲೈಟ್ ರೈಲ್, ಆಮೇಲೆ ಬಾರ್ಟ್‌ನಲ್ಲಿ ನೀರಿನಡಿ ದಾಟಿ ಮಿಲ್ಪಿಟಾಸ್, ಕೊನೆಗೆ ವಿಟಿಎ ಲೈಟ್ ರೈಲ್‌ನಲ್ಲಿ ವಾಪಸ್ ಮೌಂಟನ್ ವ್ಯೂ.

ನಾಲ್ಕು ರೈಲು, ನಾಲ್ಕು ಬೇರೆ ಬೇರೆ ಸಂಸ್ಥೆ. ಆದರೆ ಟಿಕೆಟ್ ಬದಲು ಮುಟ್ಟಿಸುವ ಕ್ಲಿಪ್ಪರ್ ಕಾರ್ಡ್ ಒಂದಿದ್ದರೆ ಎಲ್ಲದಕ್ಕೂ ಆಗುತ್ತದೆ. 65 ದಾಟಿದವರಿಗೆ ಹಿರಿಯರ ಕಾರ್ಡ್ ಬೇರೆಯೇ ಇದೆ, ದರ ತುಂಬಾ ಕಡಿಮೆ. ಇಲ್ಲಿಯ ನಿವಾಸಿಯೇ ಆಗಬೇಕಿಲ್ಲ, ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ಸಾಕು. ಊರಿಂದ ಅಪ್ಪ ಅಮ್ಮ ಬಂದಾಗ ಮೊದಲು ಮಾಡಿಸಬೇಕಾದ ಕೆಲಸ ಇದು. ಗೊಂದಲ ಇರುವುದು ಕಾರ್ಡ್ ಮುಟ್ಟಿಸುವುದರಲ್ಲಿ. ಮ್ಯೂನಿ, ವಿಟಿಎಗೆ ಹತ್ತುವಾಗ ಮಾತ್ರ ಮುಟ್ಟಿಸಬೇಕು. ಬಾರ್ಟ್‌ನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಗೇಟೇ ಕೇಳುತ್ತದೆ. ಕ್ಯಾಲ್‌ಟ್ರೇನ್‌ನಲ್ಲಿ ಗೇಟೇ ಇಲ್ಲ, ಆದರೂ ಎರಡೂ ಸಲ ಮುಟ್ಟಿಸಬೇಕು. ಇಳಿದಾಗ ಮರೆತರೆ ಅತಿ ಹೆಚ್ಚಿನ ದರವೇ ಕತ್ತರಿಸಿಹೋಗುತ್ತದೆ.

ಕ್ಯಾಲ್‌ಟ್ರೇನ್ ಓಡುವ ದಾರಿ 1860ರ ದಶಕದ್ದು. ಇಷ್ಟು ವರ್ಷ ಹೊಗೆ ಬಿಟ್ಟುಕೊಂಡು ಓಡಿದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಹೋಸೆವರೆಗೆ ಪೂರ್ತಿ ಕರೆಂಟ್ ರೈಲು ಬಂತು. ಹಳೇ ಡೀಸೆಲ್ ಎಂಜಿನ್ನು, ಬೋಗಿಗಳು ಪೆರು ದೇಶದ ಲಿಮಾ ನಗರಕ್ಕೆ ಹೋದವು. ಹೊಸ ರೈಲು ಡಬಲ್ ಡೆಕರ್. ಮೇಲಿನ ಮಹಡಿಯಲ್ಲಿ ಬಲಗಡೆ ಕಿಟಕಿ ಹಿಡಿಯಿರಿ. ಪಾಲೋ ಆಲ್ಟೋ ಬಿಟ್ಟ ತಕ್ಷಣ ಹೊಳೆಯ ಪಕ್ಕ, ಹಳಿಗೆ ತಾಗಿಕೊಂಡ ಹಾಗೆ ಒಂದು ಎತ್ತರದ ರೆಡ್‌ವುಡ್ ಮರ ಬರುತ್ತದೆ. ಸಾವಿರ ವರ್ಷ ದಾಟಿದ ಈ ಮರದಿಂದಲೇ ಊರಿಗೆ ಆ ಹೆಸರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾಂಛನದಲ್ಲೂ ಇದೇ ಮರ ಇದೆ. ಕಣ್ಣು ಮಿಟುಕಿಸಿದರೆ ಮುಗಿಯಿತು, ಹೋಗಿಬಿಡುತ್ತದೆ. ಅಪ್ಪನಿಗೆ ಮೊದಲೇ ಹೇಳಿಟ್ಟಿದ್ದೆ, ಅವರು ಹಣೆಯನ್ನು ಗಾಜಿಗೆ ಒತ್ತಿಕೊಂಡೇ ಕೂತಿದ್ದರು.

ಶನಿವಾರ ಭಾನುವಾರ ಅರ್ಧ ಗಂಟೆಗೊಂದು ಗಾಡಿ, ಎಲ್ಲಾ ಕಡೆ ನಿಂತು ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಒಂದು ಗಂಟೆ. ಶುರುವಿನಲ್ಲಿ ಬರೀ ಮನೆಗಳ ಹಿತ್ತಿಲು. ಮಿಲ್‌ಬ್ರೇ ದಾಟಿದ ಮೇಲೆ ರುಚಿ ಬರುತ್ತದೆ. ಎಡಗಡೆ ಗುಡ್ಡದ ಮೈಮೇಲೆ ಇದು ಕೈಗಾರಿಕೆಗಳ ನಗರ ಅಂತ ಸಾರುವ ದೊಡ್ಡ ದೊಡ್ಡ ಬಿಳಿ ಅಕ್ಷರಗಳು, ಬಲಗಡೆ ಬ್ರಿಸ್ಬೇನ್ ಹತ್ತಿರ ನೀರು, ಆಮೇಲೆ ಒಂದರ ಹಿಂದೊಂದು ನಾಲ್ಕು ಸುರಂಗ. ಈ ಸುರಂಗದ ದಾರಿ 1907ರದ್ದು.

ಇಡೀ ಸುತ್ತಿನಲ್ಲಿ ನಾನು ಗಮನಿಸಿದ್ದು ರೈಲುಗಳಿಗಿಂತ ಜಾಸ್ತಿ, ರೈಲು ಬದಲಿಸುವ ಜಾಗಗಳನ್ನು. ಇಲ್ಲಿ 27 ಸಾರಿಗೆ ಸಂಸ್ಥೆಗಳಿವೆ. ಒಬ್ಬರಿಗೊಬ್ಬರು ಎಷ್ಟು ಮಾತಾಡುತ್ತಾರೆ ಅನ್ನೋದು ಗಾಡಿಯೊಳಗೆ ಕೂತರೆ ಗೊತ್ತಾಗಲ್ಲ, ಇಳಿದು ಇನ್ನೊಂದು ಹತ್ತುವಾಗ ಗೊತ್ತಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಷನ್‌ನಿಂದ ಹೊರಬಂದರೆ ಮ್ಯೂನಿಯ ಎನ್ ಮಾರ್ಗದ ಗಾಡಿ ನಿಲ್ಲುವುದು ಕಿಂಗ್ ಸ್ಟ್ರೀಟಿನ ನಟ್ಟನಡುವೆ. ಸಿಗ್ನಲ್ ಬೀಳುವವರೆಗೂ ಫುಟ್‌ಪಾತ್ ಮೇಲೆ ನಿಂತು, ಎದುರಿಗೇ ಬಂದ ಗಾಡಿ ಎದುರಿಗೇ ಹೊರಡುವುದನ್ನು ನೋಡಬೇಕು. ವಯಸ್ಸಾದವರು ಜೊತೆಗಿದ್ದರೆ ಓಡಬೇಡಿ, ಇನ್ನೊಂದು ಬರುತ್ತದೆ. ಬೇಸ್‌ಬಾಲ್ ಪಂದ್ಯ ಇದ್ದ ದಿನವಂತೂ ಈ ಕಡೆ ಬರಲೇಬೇಡಿ, ಕ್ರೀಡಾಂಗಣ ಪಕ್ಕದಲ್ಲೇ ಇದೆ.

ಎನ್ ಗಾಡಿ ಸ್ವಲ್ಪ ಹೊತ್ತು ಕೊಲ್ಲಿಯ ದಂಡೆಯಲ್ಲೇ ಸಾಗಿ, ಬೇ ಬ್ರಿಜ್ ಅಡಿಯಲ್ಲಿ ನುಸುಳಿ, ಎಂಬಾರ್ಕಡೆರೋ ಸ್ಟೇಷನ್ ಹತ್ತಿರ ನೆಲದೊಳಗೆ ಇಳಿಯುತ್ತದೆ. ನಾವು ಮೇಲೆ ಬಂದು, 1898ರ ಫೆರಿ ಬಿಲ್ಡಿಂಗ್ ಹಿಂದೆ ನೀರಿನ ಪಕ್ಕದ ಬೆಂಚಿನಲ್ಲಿ ಡಬ್ಬಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ. ಶನಿವಾರ ಅಲ್ಲಿ ರೈತರ ಸಂತೆ ಇರುತ್ತದೆ. ಅಪ್ಪ ಪ್ರತಿ ಹಣ್ಣಿನ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದರು, ಒಂದನ್ನೂ ಕೊಳ್ಳಲಿಲ್ಲ. ಊಟ ಇಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಬಾರ್ಟ್ ಒಳಗೆ ತಿನ್ನುವ ಹಾಗಿಲ್ಲ. ಕ್ಯಾಲ್‌ಟ್ರೇನ್‌ನಲ್ಲಿ ಶೌಚಾಲಯ ಇದೆ, ಮಿಕ್ಕ ಮೂರರಲ್ಲಿ ಇಲ್ಲ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡಿರಿ.

ಬಾರ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಅಂದರೆ ನಮ್ಮ ಬ್ರಾಡ್‌ಗೇಜ್! ಅಮೆರಿಕದಲ್ಲಿ ಮಾಮೂಲಿಯಾಗಿ ಇರುವುದು 1,435. ಹಗುರ ಬೋಗಿಗಳು ಗಾಳಿಗೆ ಅಲುಗಾಡಬಾರದು ಅಂತ ಇವರು ಅಗಲದ್ದು ಹಾಕಿದರು. ಅಪ್ಪ ನಂಬಲಿಲ್ಲ. ಪ್ಲಾಟ್‌ಫಾರಂನಲ್ಲಿ ಹಳದಿ ಪಟ್ಟಿಯ ಹಿಂದೆ ನಿಂತು ಬಗ್ಗಿ ನೋಡಿದರು. ಆಮೇಲೆ ನಮ್ಮ ಮೆಟ್ರೋ ಎಷ್ಟು ಅಂತ ಕೇಳಿದರು. 1,435 ಅಂದೆ. ಅಲ್ಲಿಗೆ ಇವರದ್ದು ನಮ್ಮಲ್ಲಿ, ನಮ್ಮದು ಇವರಲ್ಲಿ ಅಂತ ನಕ್ಕರು.

ಎಂಬಾರ್ಕಡೆರೋ ಬಿಟ್ಟ ಕೂಡಲೇ ಕೊಲ್ಲಿಯ ಅಡಿಯ ಕೊಳವೆ. 5.8 ಕಿಲೋಮೀಟರ್ ಉದ್ದ. 57 ತುಂಡುಗಳನ್ನು ಬೇರೆ ಕಡೆ ಮಾಡಿ, ತಂದು ನೀರಿನಲ್ಲಿ ಮುಳುಗಿಸಿ, ಜೋಡಿಸಿದ್ದಾರೆ. 1974ರಿಂದ ಜನ ಓಡಾಡುತ್ತಿದ್ದಾರೆ. ಕಿಟಕಿಯಲ್ಲಿ ಕಾಣುವುದು ನಮ್ಮ ಮುಖ ಅಷ್ಟೇ. ಆದರೆ ಸದ್ದು! ಪಕ್ಕದವರ ಮಾತೂ ಕೇಳಿಸದಷ್ಟು ಕಿರುಚಾಟ. ಇದ್ದಕ್ಕಿದ್ದಂತೆ ಬೆಳಕಿಗೆ ಬಂದು ಗಾಡಿ ಎತ್ತರಕ್ಕೆ ಹತ್ತುತ್ತದೆ. ಓಕ್ಲೆಂಡ್ ಬಂದರಿನ ಬಿಳೀ ಕ್ರೇನ್‌ಗಳು ಸಾಲಾಗಿ ನಿಂತಿರುತ್ತವೆ.

ಅಲ್ಲಿಂದ ದಕ್ಷಿಣಕ್ಕೆ ಓಡುವ ದಾರಿ ಅಷ್ಟೇನೂ ಚಂದ ಇಲ್ಲ, ಗೋದಾಮುಗಳೇ ಜಾಸ್ತಿ. ಫ್ರೀಮಾಂಟ್ ಆದ ಮೇಲೆ ಗಾಡಿ ಒಂದು ಪಾರ್ಕಿನ, ಕೆರೆಯ ಅಡಿಯಲ್ಲೇ ಹಾದುಹೋಗುತ್ತದೆ. ಬಾರ್ಟ್ ಶುರುವಾಗಿದ್ದು 1972ರಲ್ಲಿ. ಮಿಲ್ಪಿಟಾಸ್‌ಗೆ ಬಂದದ್ದು 2020ರಲ್ಲಿ! ಇಷ್ಟು ತಡವಾಗಲು ಹಳೆಯ ಕಾರಣವೊಂದಿದೆ. ಮಿಲ್ಪಿಟಾಸ್ ಇರುವ ಸಾಂಟಾ ಕ್ಲಾರಾ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನಮಗೆ ರಸ್ತೆ ಸಾಕು ಅಂತ 1957ರಲ್ಲೇ ಹೊರಗುಳಿದರು, 1961ರಲ್ಲಿ ಸ್ಯಾನ್ ಮಟೇಯೊ ಕೌಂಟಿಯೂ ಕೈಬಿಟ್ಟಿತು. ಇಲ್ಲದಿದ್ದರೆ ಒಂದೇ ರೈಲು ಇಡೀ ಕೊಲ್ಲಿಯನ್ನು ಸುತ್ತುತ್ತಿತ್ತೋ ಏನೋ. ನಾವು ನಾಲ್ಕು ಹತ್ತಿ ಇಳಿಯುವುದರ ಹಿಂದೆ ಆ ತೀರ್ಮಾನಗಳೂ ಇವೆ.

ಮಿಲ್ಪಿಟಾಸ್‌ನಲ್ಲಿ ಬದಲಿಸುವುದು ಸುಲಭ. ಬಾರ್ಟ್ ತಗ್ಗಿನಲ್ಲಿ, ಲೈಟ್ ರೈಲ್ ಎತ್ತರದಲ್ಲಿ, ನಡುವೆ ಕಾಲುಸೇತುವೆ. ಮೌಂಟನ್ ವ್ಯೂ ಕಡೆಯ ಆರೆಂಜ್ ಲೈನ್ ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಜನ ಈ ಲೈಟ್ ರೈಲನ್ನು ನಿಧಾನ ಅಂತ ಬೈಯುತ್ತಾರೆ. ನಿಧಾನವೇ, ಸುಳ್ಳಲ್ಲ. ಟ್ಯಾಸ್ಮನ್ ಡ್ರೈವ್ ರಸ್ತೆಯ ನಡುವೆ, ಕಾರುಗಳ ಜೊತೆಗೇ ಸಾಗುತ್ತದೆ. ಆದರೆ ಸಿಲಿಕಾನ್ ವ್ಯಾಲಿ ಹೇಗಿದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ಸಿಸ್ಕೋ, ಲಾಕ್‌ಹೀಡ್ ಅಂತ ಕಂಪನಿಗಳ ಹೆಸರೇ ಸ್ಟೇಷನ್‌ಗೆ. ಶನಿವಾರ ಮಧ್ಯಾಹ್ನ ಆ ಪಾರ್ಕಿಂಗ್ ಜಾಗಗಳೆಲ್ಲ ಖಾಲಿ ಖಾಲಿ. ಇಷ್ಟು ಜಾಗದಲ್ಲಿ ಎಷ್ಟು ಸೈಟ್ ಮಾಡಬಹುದಿತ್ತು ಅಂತ ಅಪ್ಪ ಅಲ್ಲೇ ಲೇಔಟ್ ಹಾಕಿಬಿಟ್ಟರು. ಮೌಂಟನ್ ವ್ಯೂ ಹತ್ತಿರ ಬಂದಾಗ ಮಾಫೆಟ್ ಫೀಲ್ಡ್‌ನ ದೈತ್ಯ ಹ್ಯಾಂಗರ್ ಕಾಣುತ್ತದೆ. 1930ರ ದಶಕದಲ್ಲಿ ವಾಯುನೌಕೆ ನಿಲ್ಲಿಸಲು ಕಟ್ಟಿದ್ದು.

ಈ ಸುತ್ತಿನಲ್ಲಿ ಸೇರದ ರೈಲು ಒಂದಿದೆ, ಏಸ್. ಸ್ಯಾನ್ ಹೋಸೆಯಿಂದ ಆಲ್ಟಮಾಂಟ್ ಬೆಟ್ಟ ಹತ್ತಿ ಸ್ಟಾಕ್ಟನ್‌ಗೆ ಹೋಗುತ್ತದೆ, ದಾರಿ ಬಹಳ ಚೆನ್ನಾಗಿದೆ. ಆದರೆ ವಾರದ ದಿನ ಮಾತ್ರ. ಅದೂ ಬೆಳಗ್ಗೆ ಈ ಕಡೆಗೆ, ಸಂಜೆ ಆ ಕಡೆಗೆ, ಅಷ್ಟೇ. ನಮ್ಮ ಕಡೆಯಿಂದ ಹೋದವರು ಅದೇ ದಿನ ಅದೇ ರೈಲಿನಲ್ಲಿ ವಾಪಸ್ ಬರುವ ಹಾಗಿಲ್ಲ. ಇದನ್ನು ಕೇಳಿದಾಗಿನಿಂದ ಅಪ್ಪ ಸ್ಟಾಕ್ಟನ್‌ನಲ್ಲಿ ನಮ್ಮೋರು ಯಾರಾದರೂ ಇದ್ದಾರಾ ಅಂತ ವಿಚಾರಿಸುತ್ತಿದ್ದಾರೆ.